ಇನ್ನೊಂದ್ಸಲ ಮೇಡಂ

ಈ ಹೆಸರಿಟ್ಟವರು ನಮ್ಮ ಕಾಲೇಜಿನ ಹುಡುಗರು. ರಿಜಿಸ್ಟರಿನಲ್ಲಿ ಇಂಗ್ಲಿಷ್ ಮೇಡಂಗೆ ಬೇರೆ ಹೆಸರಿದೆ, ಅದು ಈಗ ಆಫೀಸಿನ ಗುಮಾಸ್ತನಿಗೂ ಥಟ್ಟನೆ ನೆನಪಾಗುವುದಿಲ್ಲ. ನನಗೂ ಹುಡುಗರು ಒಂದು ಹೆಸರಿಟ್ಟಿದ್ದಾರೆ: ಕುಕ್ಕರ್. ಯಾವಾಗ ಸೀಟಿ ಹೊಡೆಯುತ್ತದೋ ಹೇಳೋಕಾಗಲ್ಲವಂತೆ. ಮೊದಲ ಸಲ ಕೇಳಿದಾಗ ಇಬ್ಬರನ್ನು ಅಟ್ಟಿಸಿಕೊಂಡು ಗೇಟಿನವರೆಗೆ ಓಡಿದ್ದೆ. ಅವರು ಹೇಳಿದ್ದು ಸರಿ ಅಂತ ಅಲ್ಲೇ ಸಾಬೀತಾಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜ್ ಸೇರಿದವನು. ಇಪ್ಪತ್ತೆರಡು ವರ್ಷದಿಂದ ಈ ಕಾಲೇಜಿನ ವರ್ಕ್‌ಶಾಪಿನಲ್ಲಿ ಸಹಾಯಕ. ಇಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಕೆಲಸ ಕಲಿಸುತ್ತಾರೆ. ಪಾಠ ಹೇಳುವ ಹಕ್ಕು ನನಗಿಲ್ಲ. ಆದರೆ ಭಾರ ಎತ್ತುವ ಹಾಯ್ಸ್ಟಿನ ಕೀ ಮಾತ್ರ ನನ್ನ ಸೊಂಟದಲ್ಲೇ ಇರುತ್ತಿತ್ತು. ಛಾವಣಿಯ ತೊಲೆಯಿಂದ ಇಳಿಬಿದ್ದ ಸರಪಳಿ, ಅದರ ಪಕ್ಕ ಒಂದು ಕೇಬಲ್, ಕೇಬಲ್ಲಿನ ತುದಿಯಲ್ಲಿ ಎರಡು ಬಟನ್. ಒಂದು ಒತ್ತಿದರೆ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ವರ್ಕ್‌ಶಾಪಿನ ಪಕ್ಕದ ಸ್ಟೋರನ್ನು ಖಾಲಿ ಮಾಡಿ ಮೇಡಂಗೆ ಕೊಟ್ಟಿದ್ದರು. ನಡುವೆ ಒಂದು ತಗಡಿನ ಗೋಡೆ, ಅಷ್ಟೇ. ಕೆಲಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಹೇಗೆ ಮಾತಾಡಬೇಕು ಅಂತ ಕಲಿಸುವುದು ಅವರ ಕೆಲಸ. ವರ್ಷ ವರ್ಷಕ್ಕೂ ನವೀಕರಿಸುವ ಗುತ್ತಿಗೆಯ ನೌಕರಿ. ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಮನೆಯಲ್ಲಿ ಕಿವಿ ಮಂದವಾದ ಅತ್ತೆ. "ಅತ್ತೆಗೆ ಪ್ರತಿಯೊಂದನ್ನೂ ಮೂರು ಸಲ ಹೇಳಿ ಬರ್ತೀನಿ, ಇಲ್ಲಿ ಬಂದ್ರೆ ನಿಮಗೆ ಮೂರು ಸಲ" ಅಂತ ಹುಡುಗರಿಗೆ ಹೇಳುತ್ತಿದ್ದರು.

ಅವರ ಪಾಠ ವಿಚಿತ್ರವಾಗಿತ್ತು. ಇಂಗ್ಲಿಷಿನಲ್ಲಿ ಬೇಕಂತಲೇ ಗಡಿಬಿಡಿಯಾಗಿ ಒಂದು ಕೆಲಸ ಹೇಳೋದು. ಗೋಡೆಯಾಚೆ ನನಗೆಲ್ಲ ಕೇಳುತ್ತಿತ್ತು.

"ಯೆಸ್ ಮೇಡಂ" ಅನ್ನುತ್ತಿದ್ದ ಹುಡುಗ.

"ಏನು ಯೆಸ್? ನಾನೇನು ಹೇಳಿದೆ?"

"ಗೊತ್ತಾಗಲಿಲ್ಲ ಮೇಡಂ."

"ಮತ್ಯಾಕಪ್ಪಾ ಯೆಸ್ ಅಂದೆ?"

"ಮರ್ಯಾದೆಗೆ ಮೇಡಂ."

ಕ್ಲಾಸೆಲ್ಲ ಗೊಳ್ಳೆನ್ನುತ್ತಿತ್ತು. ಮೇಡಂ ಮಾತ್ರ ನಗುತ್ತಿರಲಿಲ್ಲ. "ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಅಗೇನ್. ಎಲ್ಲಾರೂ ಹೇಳಿ. ಇನ್ನೊಂದ್ಸಲ." ಹುಡುಗರು ರಾಗವಾಗಿ ಹೇಳುತ್ತಿದ್ದರು. "ಹಾಡಬೇಡಿ. ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ಇನ್ನೊಂದ್ಸಲ." ಆಮೇಲೆ, ಅರ್ಥವಾದದ್ದನ್ನು ತಿರುಗಿ ಒಪ್ಪಿಸಬೇಕು. ಒಪ್ಪಿಸುವವರೆಗೆ ಕೂರುವ ಹಾಗಿಲ್ಲ.

ದಿನಾ ಇದನ್ನೇ ಕೇಳಿ ಕೇಳಿ ಒಂದು ದಿನ ನನ್ನ ತಲೆ ಕೆಟ್ಟಿತು. ಕೈಯಲ್ಲಿದ್ದ ಅರವನ್ನು ಬಿಸಾಕಿ ನೇರ ಕ್ಲಾಸಿಗೇ ನುಗ್ಗಿದೆ.

"ಏನ್ರೀ ಮೇಡಂ, ಹಿರಿಯರ ಬಾಯಿಂದ ಒಂದೇ ಮಾತನ್ನ ಹತ್ತು ಸಲ ಹೇಳಿಸೋದನ್ನ ಕಲಿಸ್ತಿದ್ದೀರಲ್ಲ! ನಾನು ಕೆಲಸ ಕಲಿಯುವಾಗ ಇನ್ನೊಂದ್ಸಲ ಹೇಳಿ ಅಂದಿದ್ರೆ ತಲೆ ಮೇಲೆ ಸ್ಪ್ಯಾನರ್ ಬೀಳ್ತಿತ್ತು!"

"ಬಿದ್ದಿದೆಯಾ?"

"ಬಿದ್ದಿದೆ!"

"ಅದಕ್ಕೇ ಇವರಿಗೆ ಕಲಿಸ್ತಿರೋದು."

ಇಪ್ಪತ್ತು ಮಕ್ಕಳ ಮುಂದೆ ಬಂದ ದಾರಿಯಲ್ಲೇ ತಿರುಗಿದೆ. ಆ ಇಪ್ಪತ್ತರಲ್ಲಿ ನನ್ನ ಅಕ್ಕನ ಮಗಳೂ ಇದ್ದಳು. ಅಕ್ಕ ಹೊಲಿಗೆ ಮೆಷಿನ್ ತುಳಿದು ಒಬ್ಬಳೇ ಬೆಳೆಸಿದ ಹುಡುಗಿ. ಅವಳನ್ನು ಫಿಟ್ಟರ್ ಕೋರ್ಸಿಗೆ ಸೇರಿಸಿದವನು ನಾನು. ಅವಳು ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದಳು.

ಆ ವಾರವೇ ನಾವು ಐದಾರು ಜನ ಸೇರಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆವು. ಇಂಗ್ಲಿಷ್ ಗಂಟೆ ದಂಡ, ಅದನ್ನು ನಿಲ್ಲಿಸಿ ವರ್ಕ್‌ಶಾಪಿಗೆ ಕೊಡಿ ಅಂತ. ಮೊದಲ ಸಹಿ ನನ್ನದೇ.

ಪ್ರಿನ್ಸಿಪಾಲರು ಅಳೆದು ತೂಗುವ ಮನುಷ್ಯ. ಮುಂದಿನ ತಿಂಗಳು ಒಂದು ದೊಡ್ಡ ಕಾರ್ಖಾನೆಯವರು ಅಪ್ರೆಂಟಿಸ್‌ಗಳನ್ನು ಆರಿಸಲು ಬರುವುದಿತ್ತು. ಅಲ್ಲಿನ ಮೇಲಿನವರೆಲ್ಲ ಇಂಗ್ಲಿಷ್ ಮಾತ್ರ ಬಲ್ಲವರು. "ಇಪ್ಪತ್ತರಲ್ಲಿ ಹತ್ತು ಜನ ಆರಿಸಿಹೋದ್ರೆ ಕ್ಲಾಸು ಉಳಿಯುತ್ತೆ. ಒಬ್ಬ ಕಡಿಮೆಯಾದ್ರೂ ಮೇಡಂ ಗುತ್ತಿಗೆ ಮುಂದುವರಿಯಲ್ಲ" ಅಂದರು. ಮೇಡಂ ಹೂಂ ಅನ್ನಲಿಲ್ಲ. "ಹತ್ತು ಜನ, ಒಬ್ಬರು ಕಡಿಮೆಯಾದ್ರೂ ಇಲ್ಲ. ಹಾಗೇ ತಾನೇ ಸರ್?" ಅಂತ ತಿರುಗಿ ಒಪ್ಪಿಸಿ ಹೊರಬಂದರು.

ಅದಾದ ಮೇಲೆ ಒಂದು ಮಧ್ಯಾಹ್ನ ಗೋಡೆಯಾಚೆ ಅವರ ದನಿ ಬೇರೆ ಥರ ಕೇಳಿಸಿತು. ಯಾರೋ ಹುಡುಗಿ, ನೀವು ಈ ಕೆಲಸಕ್ಕೆ ಹೇಗೆ ಬಂದ್ರಿ ಅಂತ ಕೇಳಿದ್ದಳು.

"ಮೊದಲು ಒಂದು ಗೋಡೌನಿನ ಆಫೀಸಲ್ಲಿದ್ದೆ. ಫೋನಲ್ಲಿ ಲೋಡಿಂಗಿನವರಿಗೆ ಹೇಳೋದು ನನ್ನ ಕೆಲಸ. ಎಲ್ಲ ಇಂಗ್ಲಿಷಲ್ಲೇ ಆಗಬೇಕು ಅಂತ ನಿಯಮ. ಒಬ್ಬ ಹೊಸಬನಿಗೆ ಹೇಳಿದೆ, ಬಲಗಡೆ ಕಬ್ಬಿಣದ ಅಟ್ಟದ ತಳ ತುಕ್ಕು ತಿಂದಿದೆ, ಅದರ ಮೇಲೆ ಏನೂ ಇಡಬೇಡ ಅಂತ. ಮೂರು ಸಲ ಯೆಸ್ ಮೇಡಂ ಅಂದ. ನಾನು ಫೋನಿಟ್ಟೆ. ಅವನು ಅದರ ಮೇಲೇ ಇಟ್ಟ. ಅಟ್ಟ ಕುಸಿದು ಅವನ ಕಾಲು ಹೋಯ್ತು."

"ತಪ್ಪು ಅವನದೇ ಅಲ್ವಾ ಮೇಡಂ?"

"ಎಲ್ಲಾರೂ ಹಾಗೇ ಅಂದ್ರು. ಆದ್ರೆ ಏನು ಅರ್ಥ ಆಯ್ತು ಅಂತ ನಾನು ಒಂದು ಮಾತು ಕೇಳಿದ್ನಾ?"

ನನ್ನ ಲೇತ್ ಸುಮ್ಮನೆ ತಿರುಗುತ್ತಿತ್ತು. ಆದರೂ ಅರ್ಜಿ ವಾಪಸು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಆಡಿದ ಮಾತನ್ನು ಹಿಂತೆಗೆದು ನನಗೆ ರೂಢಿಯಿಲ್ಲ.

ಕಾರ್ಖಾನೆಯವರು ಬಂದ ದಿನ ನೆಲವನ್ನು ಎರಡು ಸಲ ಗುಡಿಸಿದ್ದೆವು. ಒಬ್ಬ ಎತ್ತರದ ಇಂಜಿನಿಯರ್, ಜೊತೆಗೆ ಫೈಲು ಹಿಡಿದ ಒಬ್ಬ ಹೆಂಗಸು. ಅವರೇ ತಂದ ಒಂದು ಮಡಚುವ ಸ್ಟ್ಯಾಂಡ್, ನಾನು ಅಂದೇ ಮೊದಲು ನೋಡಿದ್ದು. ಪರೀಕ್ಷೆ ಸರಳ: ಇಂಜಿನಿಯರ್ ಇಂಗ್ಲಿಷಿನಲ್ಲಿ ಕೆಲಸ ಹೇಳುತ್ತಾನೆ, ಹುಡುಗರು ಮಾಡಬೇಕು. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಮೇಡಂ ಬಾಗಿಲ ಬಳಿ ನಿಂತಿರಬೇಕು, ಬಾಯಿ ಬಿಡುವ ಹಾಗಿಲ್ಲ.

ಅಕ್ಕನ ಮಗಳ ಸರದಿ ಕೊನೆಗೆ. ಇನ್ನೂರು ಕಿಲೋ ತೂಕದ ಗೇರ್‌ಬಾಕ್ಸನ್ನು ಹಾಯ್ಸ್ಟಿನಿಂದ ಎತ್ತಿ ಆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬಟನ್ ನನ್ನ ಕೈಯಲ್ಲಿ. ಅವಳು ಕೆಳಗೆ ಮಂಡಿಯೂರಿ ಸ್ಟ್ಯಾಂಡಿನ ಕಾಲು ಹಿಡಿದಿದ್ದಳು. ಗೇರ್‌ಬಾಕ್ಸು ಅವಳ ಕೈಗಳ ಮೇಲೆ ತೂಗುತ್ತಿತ್ತು. ಸರಪಳಿ ಕಿರ್ ಅನ್ನುತ್ತಿತ್ತು.

ಇಂಜಿನಿಯರ್ ನನ್ನ ಕಡೆ ತಿರುಗಿ ಏನೋ ಉದ್ದಕ್ಕೆ ಹೇಳಿದ. ಅದರಲ್ಲಿ ಕೆಳಗಿಳಿಸು ಅನ್ನುವ ಒಂದು ಶಬ್ದ ಮಾತ್ರ ನನಗೆ ಸಿಕ್ಕಿತು.

"ಯೆಸ್ ಸರ್, ಯೆಸ್ ಸರ್" ಅಂದೆ.

ಅರ್ಥವಾಗದಿದ್ದಾಗ ನನ್ನ ತಲೆ ಒಂದೆರಡು ಸಲ ಜಾಸ್ತಿ ಆಡುತ್ತದೆ ಅಂತ ಅಕ್ಕ ಯಾವಾಗಲೂ ಆಡಿಕೊಳ್ಳುತ್ತಾಳೆ. ಹೆಬ್ಬೆರಳು ಕೆಳಗಿನ ಬಟನ್ ಮೇಲೆ ಹೋಯಿತು. ಹುಡುಗಿ ನನ್ನ ಮುಖ ನೋಡಿದಳು.

"ಸ್ಟಾಪ್!"

ವರ್ಕ್‌ಶಾಪ್ ಪೂರ್ತಿ ನಿಂತಿತು. ಅವಳು ಎದ್ದು ನಿಂತು ಇಂಜಿನಿಯರನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಅಗೇನ್."

ಅವನು ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ಹೇಳಿದ. ಅವಳು ಅದನ್ನು ಇಂಗ್ಲಿಷಿನಲ್ಲಿ ತಿರುಗಿ ಒಪ್ಪಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಮಾಮ, ಮೊದಲು ಎರಡೂ ಕಾಲಿಗೆ ಪಿನ್ನು. ಪಿನ್ನು ಹಾಕೋ ತನಕ ಇಳಿಸಬಾರದು. ಇಲ್ಲಾಂದ್ರೆ ಕಾಲು ಮಡಚಿಕೊಳ್ಳುತ್ತೆ" ಅಂದಳು. ಪಿನ್ನು ಹಾಕಿದಳು. ನಾನು ಇಳಿಸಿದೆ.

ಫೈಲಿನ ಹೆಂಗಸು ಏನೋ ಬರೆದುಕೊಂಡಳು.

ಅರ್ಧ ಗಂಟೆಯಲ್ಲಿ ಪಟ್ಟಿ ಬಂತು. ಒಂಬತ್ತು ಹೆಸರು. ನಮ್ಮ ಹುಡುಗಿ ಅದರಲ್ಲಿರಲಿಲ್ಲ. ಆರಿಸದವರ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ, ಮೊದಲ ಸಲ ಹೇಳಿದ್ದು ಅರ್ಥವಾಗಿಲ್ಲ ಅಂತ ಬರೆದಿತ್ತು.

ಅವಳು ನಲ್ಲಿಯ ಬಳಿ ಗ್ರೀಸಿನ ಕೈ ತೊಳೆಯುತ್ತಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು. "ಏನೇ, ಅಷ್ಟೂ ಅರ್ಥ ಆಗಲಿಲ್ವಾ ನಿನಗೆ?"

"ನನಗಾಗಿತ್ತು ಮಾಮ. ನಿನಗಾಗಿರಲಿಲ್ಲ."

"ಹಾಗಂತ ಹೇಳಬೇಕಿತ್ತು!"

"ಅಷ್ಟು ಜನರ ಮುಂದೆ? ನಿನ್ನ?" ಅಂದು ನಲ್ಲಿ ನಿಲ್ಲಿಸಿದಳು.

ಸಿಟ್ಟು ಇತ್ತು, ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಕ್ಲಾಸಿನ ಬಾಗಿಲು ತೆರೆದಿತ್ತು. ಮೇಡಂ ಗೋಡೆಯ ಚಾರ್ಟುಗಳನ್ನು ಬಿಚ್ಚಿ ಸುರುಳಿ ಸುತ್ತುತ್ತಿದ್ದರು. ಹೊರಗೆ ಕಾರ್ಖಾನೆಯವರ ಗಾಡಿ ಶುರುವಾದ ಸದ್ದು. ನಿಜ ಹೇಳಿದರೆ ಹಾಯ್ಸ್ಟಿನ ಕೀ ಹೋಗುತ್ತದೆ, ನೌಕರಿಯೂ ಹೋದೀತು. ಹೇಳದಿದ್ದರೆ ನನ್ನ ಅರ್ಜಿ ಗೆಲ್ಲುತ್ತದೆ.

"ಮೇಡಂ, ಬನ್ನಿ ನನ್ನ ಜೊತೆ. ಅವರಿಗೆ ಒಂದು ಮಾತು ಹೇಳಬೇಕು, ನೀವು ಇಂಗ್ಲಿಷಲ್ಲಿ ಹೇಳಿಕೊಡಿ" ಅಂದೆ. ನಡೆದದ್ದನ್ನು ಮೆಟ್ಟಿಲಿಳಿಯುತ್ತಲೇ ಹೇಳಿದೆ.

ಅವರು ನಿಂತುಬಿಟ್ಟರು. "ಮೊದಲ ಮಾತು ನೀವೇ ಹೇಳಿ. ಎರಡು ವರ್ಷ ಗೋಡೆಯಾಚೆ ಕೇಳಿದ್ದೀರಿ, ಬರುತ್ತೆ ನಿಮಗೆ."

ಗಾಡಿಗೆ ಅಡ್ಡ ನಿಂತೆ. ಇಂಜಿನಿಯರ್ ಕಿಟಕಿ ಇಳಿಸಿದ. ಪ್ರಿನ್ಸಿಪಾಲರು ಓಡಿಬಂದರು. ಎದೆ ಮುಟ್ಟಿಕೊಂಡು ಹೇಳಿದೆ: "ಐ... ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ನಾಟ್ ಗರ್ಲ್. ಐ."

ಉಳಿದದ್ದನ್ನು ಮೇಡಂ ಹೇಳಿದರು. ಅವನು ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದ. "ಮತ್ಯಾಕೆ ಯೆಸ್ ಅಂದ್ರಿ ಅಂತ ಕೇಳ್ತಿದ್ದಾರೆ" ಅಂದರು ಮೇಡಂ.

"ಮರ್ಯಾದೆಗೆ" ಅಂದೆ.

ಈ ಸಲ ಯಾರೂ ನಗಲಿಲ್ಲ. ಅವನು ಗಾಡಿಯಿಂದ ಇಳಿದ, ಹುಡುಗಿಯನ್ನು ಕರೆಸಿದ, ನಿಂತಲ್ಲೇ ನಾಲ್ಕು ಪ್ರಶ್ನೆ ಕೇಳಿದ. ನಾಲ್ಕಕ್ಕೂ ಉತ್ತರ ಬಂತು. ಫೈಲು ತೆರೆಸಿ ಹತ್ತನೇ ಹೆಸರು ಬರೆಸಿದ. ನನ್ನ ಸೊಂಟದ ಕೀಯನ್ನು ಪ್ರಿನ್ಸಿಪಾಲರು ಅಲ್ಲೇ ಬಿಚ್ಚಿಸಿಕೊಂಡರು. ಮೂರು ತಿಂಗಳು ಮೇಡಂ ಕ್ಲಾಸಿನಲ್ಲಿ ಕೂತು ಅವರಿಂದ ಚೀಟಿ ತಂದರೆ ಕೀ ವಾಪಸು, ಇಲ್ಲದಿದ್ದರೆ ಇಲ್ಲ ಅಂದರು.

ಹುಡುಗಿ ಕಾರ್ಖಾನೆ ಸೇರಿದ ಸೋಮವಾರವೇ ನಾನು ಕೊನೇ ಬೆಂಚಿನಲ್ಲಿ ಕೂತೆ. ಹೊಸ ಬ್ಯಾಚಿನ ಹುಡುಗರು ಕುಕ್ಕರ್ ಕುಕ್ಕರ್ ಅಂತ ಗುಸುಗುಟ್ಟಿದರು. ಮೇಡಂ ಅರ್ಜಿಯ ಮಾತೆತ್ತಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. ನೇರ ನನ್ನ ಬೆಂಚಿಗೇ ಬಂದು ಗಡಿಬಿಡಿಯಲ್ಲಿ ಏನೋ ಒಂದು ಕೆಲಸ ಹೇಳಿದರು.

ನನ್ನ ತಲೆ ತಾನಾಗಿ ಆಡತೊಡಗಿತ್ತು. ಎರಡೂ ಕೈಯಲ್ಲಿ ಬೆಂಚು ಹಿಡಿದು ಅದನ್ನು ನಿಲ್ಲಿಸಿ ಎದ್ದು ನಿಂತೆ.

"ಇನ್ನೊಂದ್ಸಲ, ಮೇಡಂ."