ಅವ್ವನ ತೂಕದ ಲಿಫ್ಟು

ನಾನು ಲಿಫ್ಟ್ ಹತ್ತಿದ್ದು ಜೀವಮಾನದಲ್ಲಿ ಒಮ್ಮೆ, ಬೆಂಗಳೂರಿನಲ್ಲಿ. ಆಗಲೂ ಮಾರಲು ಒಯ್ದಿದ್ದ ಸೀರೆಗಳ ಗಂಟನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿಕೊಂಡಿದ್ದೆ. ಇಷ್ಟು ಅನುಭವದ ಬಲದ ಮೇಲೆ ಕೊಳ್ಳೇಗಾಲದ ನಮ್ಮ ಮನೆಗೊಂದು ಲಿಫ್ಟ್ ಆರಿಸಲು ಹೊರಟವನು ನಾನು. ನಗಬೇಡಿ, ಕಾರಣವಿತ್ತು.

ಕೆಳಗೆ ಬೆಳಕು ಸಾಲದೆಂದು ಅಪ್ಪ ತಮ್ಮ ಕಾಲದಲ್ಲೇ ಮಗ್ಗಗಳನ್ನು ಮಹಡಿಗೆ ಹಾಕಿಸಿದ್ದರು. ಹಾಸೆಂದರೆ ಮಗ್ಗದ ಉದ್ದನೆಯ ಎಳೆಗಳು; ಹೊಸ ಹಾಸಿನ ಸಾವಿರಾರು ರೇಷ್ಮೆ ಎಳೆಗಳನ್ನು ಹಳೆಯ ಹಾಸಿನ ತುದಿಗೆ ಒಂದೊಂದಾಗಿ ಹೊಸೆದು ಸೇರಿಸುವ ಕೆಲಸ ನಮ್ಮವ್ವನದು. ಅವಳು ಹೊಸೆದ ಎಳೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಆ ಕಡಿದಾದ ಮರದ ಮೆಟ್ಟಿಲು ಅವಳಿಗೆ ಬೆಟ್ಟವಾಯಿತು. ಹೊತ್ತುಕೊಂಡು ಹೋಗುತ್ತೇನೆಂದರೆ, "ಎಣ ಒತ್ತಂಗೆ ಒರ್ಬೇಡ ಕಣ್ಲಾ ನನ್ನ" ಎಂದು ಗೋಡೆಯತ್ತ ತಿರುಗಿಬಿಟ್ಟಳು. ಊಟ ಅರ್ಧಕ್ಕಿಳಿಯಿತು. ಮೇಲಿನಿಂದ ಮಗ್ಗದ ಸದ್ದು ಕೇಳಿದಾಗಲೆಲ್ಲ ಅವಳ ಬೆರಳು ಸುಮ್ಮನೆ ಸೆರಗಿನ ನೂಲು ಹೊಸೆಯುತ್ತಿದ್ದವು. ನೋಡಲಾಗುತ್ತಿರಲಿಲ್ಲ ನನಗೆ.

ನಮ್ಮ ಪುರಾಣಗಳಲ್ಲಿ ಪುಣ್ಯವಂತರನ್ನು ಸ್ವರ್ಗಕ್ಕೆ ಕರೆದೊಯ್ಯಲು ವಿಮಾನ ಬರುತ್ತದೆ. ಮಹಡಿಯ ತನಕ ಬರುವಂಥದ್ದನ್ನು ಯಾವ ಋಷಿಯೂ ಯೋಚಿಸಲಿಲ್ಲ. ಅವರೆಲ್ಲ ಮರದಡಿ ಕೂತವರು, ಪಾಪ. ಬೆಂಗಳೂರಿನ ಕಂಪನಿಯೊಂದಕ್ಕೆ ಬರೆದು ಪುಸ್ತಿಕೆ ತರಿಸಿದೆ. ಚಿತ್ರಗಳು ಬಹಳ ಚೆನ್ನಾಗಿದ್ದವು. ಆದರೆ ನಮ್ಮ ಬೀದಿಯ ಕರೆಂಟನ್ನು ನಂಬಿ ಅವ್ವನನ್ನು ಅಂತರದಲ್ಲಿ ನಿಲ್ಲಿಸುವುದುಂಟೇ?

ಮಗ್ಗ ರಿಪೇರಿಗೆ ಬಂದ ಮಾಂಬಳ್ಳಿಯ ಆಚಾರಿ ಪುಸ್ತಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾವಿಲಿ ನೀರ್ ಸೇದಕಿಲ್ವಾ ಸಾ? ಅಂಗೇ ಅವ್ವಾರ್ನೂ ಸೇದುದ್ರಾಯ್ತು" ಎಂದ. ಮಹಡಿಯ ನೆಲದ ಒಂದು ಮೂಲೆಯ ಹಲಗೆ ಬಿಚ್ಚಿ ಮೇಲೆ ರಾಟೆ ಕಟ್ಟಿದ. ಹಗ್ಗದ ಒಂದು ತುದಿಗೆ ಕುರ್ಚಿ, ಇನ್ನೊಂದಕ್ಕೆ ಮರಳಿನ ಮೂಟೆ. ನಾವೋ ನೇಕಾರರು, ಎಳೆತ ಸಮವಿರಬೇಕೆಂಬುದು ನಮಗೆ ರಕ್ತದಲ್ಲೇ ಬಂದಿದೆ. ರೇಷ್ಮೆಗೂಡು ತೂಗುವ ದೊಡ್ಡ ತಕ್ಕಡಿ ತಂದು, ಒಂದು ಕಡೆ ಕುರ್ಚಿ ಸಮೇತ ಅವ್ವನನ್ನು ಕೂರಿಸಿ, ಇನ್ನೊಂದು ಕಡೆ ಮರಳು ಸುರಿದು, ಮುಳ್ಳು ನೆಟ್ಟಗೆ ನಿಲ್ಲುವ ತನಕ ಚಿಟಿಕೆ ಚಿಟಿಕೆ ಸರಿಮಾಡಿದೆವು.

ಅವ್ವ ಹೂವಿನಂತೆ ಮೇಲೇರಿದಳು, ಸಂಜೆ ಹೂವಿನಂತೆ ಇಳಿದಳು. ನನ್ನ ಹೆಂಡತಿ ಕೈಹಿಡಿದು ಅವಳನ್ನು ಕುರ್ಚಿಯಿಂದ ಎಬ್ಬಿಸಿದ್ದೇ ತಡ, ಮೂಟೆ ದಢಾರನೆ ಕೆಳಗೆ ಬಿತ್ತು, ಖಾಲಿ ಕುರ್ಚಿ ಸೂರಿಗೆ ಹಾರಿತು! ಅವ್ವ ಇಳಿದ ಮೇಲೆ ಏನಾಗುತ್ತದೆಂದು ನಾವ್ಯಾರೂ ಯೋಚಿಸಿರಲಿಲ್ಲ. ಅವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಮರುದಿನ ಕುರ್ಚಿಯನ್ನು ನೆಲಕ್ಕೆ ಬಿಗಿಯಲು ಒಂದು ಕೊಂಡಿ ಬಂತು.

ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಅವ್ವ ಕೂತ ಮೇಲೆ ಕೊಂಡಿ ತೆಗೆಯುತ್ತಲೇ ಕುರ್ಚಿ ಅವಳ ಸಮೇತ ಜಿಗಿದು ಮೇಲಕ್ಕೋಡಿತು. ಹಗ್ಗ ಹಿಡಿದು ನಿಲ್ಲಿಸುವಷ್ಟರಲ್ಲಿ ನನ್ನ ಅಂಗೈ ಸುಲಿದಿತ್ತು. ಅವ್ವನ ಮುಖದಲ್ಲಿ ನಗುವಿರಲಿಲ್ಲ.

"ಮರ್ಳು ಅಷ್ಟೇ ಅದೆ. ನಾನೇ ಸವ್ದೋದೆ, ಅಲ್ವೇನ್ಲಾ?"

ಮರುದಿನ ಅವಳು ಕುರ್ಚಿಯಲ್ಲಿ ಕೂರಲೇ ಇಲ್ಲ. "ಸಾಕು ಬುಡು, ಇನ್ಯಾಕೆ" ಎಂದಳು. ಮೇಲೆ ಹೊಸ ಹಾಸು ಕಾಯುತ್ತಿತ್ತು.

ಅವಳು ಸ್ನಾನಕ್ಕೆ ಹೋದಾಗ ಮೂಟೆ ಬಿಚ್ಚಿ ಮರಳು ತೆಗೆದೆ. ತಕ್ಕಡಿ ತರಲಿಲ್ಲ. ಬೇಕಾದ್ದಕ್ಕಿಂತ ಒಂದು ದೊಡ್ಡ ಬುಟ್ಟಿ ಹೆಚ್ಚಾಗಿಯೇ ತೆಗೆದೆ. ಹಾಸು ಕೆಡುತ್ತದೆಂದು ಕಾಡಿ ಬೇಡಿ ಅವಳನ್ನು ಕೂರಿಸಿ ಹಗ್ಗ ಎಳೆದೆ. ಕುರ್ಚಿ ಮಿಸುಕಲಿಲ್ಲ. ಹೆಂಡತಿಯೂ ಕೈ ಹಾಕಿದಳು. ಇಬ್ಬರೂ ಏದುಸಿರು ಬಿಡುತ್ತ ಎಳೆದೆವು.

"ಏನವ್ವಾ ಇಷ್ಟು ಭಾರ!" ಎಂದೆ. ಅದು ಸುಳ್ಳಾಗಿರಲಿಲ್ಲ.

ಅವ್ವ ಮೂಟೆಯನ್ನೊಮ್ಮೆ, ಕಾಲಡಿ ಚೆಲ್ಲಿದ್ದ ಮರಳನ್ನೊಮ್ಮೆ, ಬೆವರಿಳಿಯುತ್ತಿದ್ದ ನನ್ನನ್ನೊಮ್ಮೆ ನೋಡಿದಳು.

"ಅಂಗಾರೆ ನಾನಿನ್ನೂ ಇವ್ನಿ ಅನ್ನು," ಎಂದಳು. "ಎಳಿ, ಎಳಿ. ಒತ್ತಾಯ್ತು."