ಅವರು ಓದಿ ಮುಗಿಸದ ಚೀಟಿ

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಅದೇ ಕೆಲಸ. ಅದರಲ್ಲಿ ಹನ್ನೊಂದು ವರ್ಷ ಕಂಪ್ಯೂಟರಿನಲ್ಲಿ ಒಂದೇ ಆಟ ಆಡಿದರು. ಕೆಲಸದ್ದು ಮಾತ್ರ ಹೇಳಿದರೆ ಅರ್ಧ ಮನುಷ್ಯನನ್ನು ಬಿಟ್ಟ ಹಾಗೆ.

ಲಿಫ್ಟಿನ ಗುಂಡಿಗೆ ಇಳಿಯುವ ಮೊದಲು ಅವರು ಒಂದು ದೀಪ ತೂಗುಹಾಕುತ್ತಿದ್ದರು. ಹಗಲಾದರೂ ಸರಿ. ಕೆಳಗೆ ಆಳಿದ್ದಾನೆ ಎಂದು ಮೇಲಿದ್ದವರಿಗೆ ಗೊತ್ತಾಗಬೇಕು. ಆ ಅಭ್ಯಾಸ ಆಟಕ್ಕೂ ಬಂತು.

ಆಟ ಇಷ್ಟೇ: ಮಂಜು ಮುಸುಕಿದ ಸಮುದ್ರ, ಒಂದು ದೋಣಿ, ಸಾಮಾನು ಹೇರಿಕೊಂಡು ದಡ ಮುಟ್ಟಬೇಕು. ಎಲ್ಲೆಲ್ಲಿನವರೋ ಒಟ್ಟಿಗೆ ಆಡುತ್ತಿದ್ದರು. ಬಂಡೆಯ ಮೇಲೆ ದೀಪ ಇಟ್ಟು ಹೋದರೆ ಹಿಂದೆ ಬರುವವನಿಗೆ ದಾರಿ ಕಾಣುತ್ತದೆ. ಇಟ್ಟವನಿಗೆ ಏನೂ ಸಿಗುವುದಿಲ್ಲ, ಎಣ್ಣೆ ದಂಡ. ನಮ್ಮವರು ಪ್ರತಿ ಬಂಡೆಗೂ ಇಡುತ್ತಿದ್ದರು. ಅಲ್ಲಿ ಅವರ ಹೆಸರೇ ದೀಪದಣ್ಣ. ದಡ ಮುಟ್ಟಿದಾಗ ಒಂದು ಗಂಟೆ ಹೊಡೆಯುತ್ತಿತ್ತು. ಅಡುಗೆಮನೆಗೂ ಕೇಳಿಸುತ್ತಿತ್ತು.

ಮೂರಕ್ಕೆ ಪಾಳಿ ಮುಗಿಸಿ ಬಂದು, ಕೈಯ ಗ್ರೀಸ್ ತೊಳೆದು, ಬಾಗಿಲ ಪಕ್ಕದ ಮೂಲೆಯಲ್ಲಿದ್ದ ಕಂಪ್ಯೂಟರ್ ಮುಂದೆ ಕೂರುವರು.

"ಮೊಮ್ಮಕ್ಕಳಾಡಿಸೋ ವಯಸ್ಸು, ಇನ್ನೂ ದೋಣಿ ಬಿಡ್ತಾ ಕೂತಿದ್ದೀರಿ," ಎನ್ನುತ್ತಿದ್ದೆ.

"ನೀನೂ ಬಾರೇ, ಒಂದು ಸೀಟ್ ಖಾಲಿ ಇದೆ."

"ನಿಮ್ಮನ್ನ ಕಟ್ಕೊಂಡು ಮುಳುಗಿದ್ದು ಸಾಕು."

ನಗುತ್ತಿದ್ದರು.

ಆಮೇಲೆ ಆಟದ ಎರಡನೇ ಭಾಗ ಬಂತು. ಎರಡು ವರ್ಷ ಅದಕ್ಕೇ ಕಾದಿದ್ದರು. ಮೊದಲ ದಿನ ಆಡಿ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು.

"ದೀಪ ತೆಗೆದುಬಿಟ್ಟಿದ್ದಾರೆ ಕಣೇ."

"ಮತ್ತೆ ದಾರಿ?"

"ಬಾಣದ ಗುರುತು ತೋರ್ಸುತ್ತೆ. ಕಣ್ಮುಚ್ಕೊಂಡು ಹೋದ್ರೂ ದಡ ಸಿಗುತ್ತೆ. ಯಾರಿಗೂ ಯಾರೂ ಬೇಡ."

"ಸುಲಭ ಆಯ್ತಲ್ಲ, ಬಿಡಿ."

ಅವರು ಹೋಗಿ ಕಂಪ್ಯೂಟರ್ ಆರಿಸಿದರು.

ಹಳೆಯ ಆಟಗಾರರು ನೂರಾರು ಮಂದಿ ಕಂಪನಿಗೆ ಬರೆದರು. ಇವರೂ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದರು. ಬಂದ ಉತ್ತರವನ್ನು ನನಗೆ ಓದಿ ಹೇಳಿದರು. ಹಳಬರಿಗೆ ಹೊಸದು ಒಗ್ಗುವುದಿಲ್ಲ, ಈ ಆಟ ಹೊಸಬರಿಗೆ, ಬೇಡದವರು ಹಳೆಯದನ್ನೇ ಆಡಿಕೊಂಡಿರಲಿ ಎಂದಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

"ಹನ್ನೊಂದು ವರ್ಷ ಇವ್ರ ಅಂಗಡಿ ದೀಪ ನಾವು ಹಚ್ಚಿದ್ವಿ," ಎಂದರು.

ಗಲಾಟೆ ಜೋರಾದ ಮೇಲೆ ಕಂಪನಿಯವರು ಕಂಪ್ಯೂಟರಿನಲ್ಲೇ ಒಂದು ಸಭೆ ಕರೆದರು. ಹಳಬರಲ್ಲಿ ಆರು ಮಂದಿ ಮಾತಾಡಬಹುದು, ತಲಾ ಎರಡು ನಿಮಿಷ. ಆ ಆರರಲ್ಲಿ ದೀಪದಣ್ಣ ಇರಲೇಬೇಕು ಎಂದು ಜೊತೆಯವರು ಹಟ ಹಿಡಿದರು. ಇವರು ಲಿಫ್ಟ್ ಸರ್ವಿಸ್ ಚೀಟಿಯೊಂದರ ಹಿಂದೆ ನಾಲ್ಕು ಮಾತು ಬರೆದುಕೊಂಡರು. ಕನ್ನಡಿ ಮುಂದೆ ನಿಂತು ಓದಿ ಓದಿ ಗಡಿಯಾರ ನೋಡಿಕೊಂಡರು.

"ಗುರುವಾರ ನಾಲ್ಕಕ್ಕೆ ನನ್ನ ಸರದಿ. ಆವಾಗ ಮಾತ್ರ ಕೂಗ್ಬೇಡ ಮಾರಾಯ್ತಿ."

ಹ್ಞೂಂ ಎಂದೆ. ಕೇಳಿಸಿಕೊಂಡಿರಲಿಲ್ಲ.

ಗುರುವಾರ ಒಣಗಿದ ಬಟ್ಟೆಯ ಹೊರೆ ಹೊತ್ತು ಮಹಡಿಯಿಂದ ಇಳಿದೆ. ಬಾಗಿಲು ಹಾಕಿತ್ತು. ಕೈ ಖಾಲಿಯಿಲ್ಲ. ಒಳಗೆ ಅವರ ದನಿ. ಆಟದವರ ಜೊತೆ ಹರಟೆ ಎಂದುಕೊಂಡೆ.

"ಕೂದಲು ಬೆಳ್ಳಗಾದ್ರೂ ಬುದ್ಧಿ ಬರ್ಲಿಲ್ಲ! ಆ ಮಕ್ಕಳಾಟ ಸಾಕು, ಬಂದು ಬಾಗಿಲು ತೆಗೀರಿ!"

ಅವರ ದನಿ ನಿಂತಿತು. ಕಂಪನಿಯವನ ದನಿ ಬಂತು. "ನೋಡಿ ಸಾರ್, ನಿಮ್ಮನೆಯವ್ರೇ ನಮ್ಮ ಪಕ್ಷ!" ತುಂಬ ಜನ ನಕ್ಕರು. "ಸರಿ, ಮುಂದಿನವರು."

ಅವರು ಬಾಗಿಲು ತೆಗೆದರು. ಹೊರೆ ಇಸಿದುಕೊಂಡರು.

"ಇಷ್ಟು ಭಾರ ಒಬ್ಳೇ ಹೊತ್ತು ತಂದ್ಯಲ್ಲೇ," ಎಂದರು. ಅಷ್ಟೇ.

ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಅವರು ಮತ್ತೆ ಹಳೆಯ ಆಟವನ್ನೂ ತೆರೆಯಲಿಲ್ಲ. ನಾಲ್ಕಾದರೆ ಕುರ್ಚಿಯನ್ನು ಕಿಟಕಿಗೆ ತಿರುಗಿಸಿ ಕೂರುತ್ತಿದ್ದರು. ತಪ್ಪಾಯಿತು ಎಂದು ಹೇಳಬೇಕು ಅಂತ ದಿನಾ ಅನಿಸುತ್ತಿತ್ತು. ಒಂದು ಆಟಕ್ಕೆ ತಪ್ಪಾಯಿತು ಎಂದು ಏನು ಹೇಳುವುದು ಅಂತ ದಿನಾ ಸುಮ್ಮನಾದೆ. ಐದನೇ ತಿಂಗಳು ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಕೆಲಸದ ಜೊತೆಗಾರ ಅವರ ದೀಪ ತಂದುಕೊಟ್ಟ. ದೀಪದ ಚೀಲದಲ್ಲಿ ಚೀಟಿ ಇತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕೂಡಿಸಿ ಕೂಡಿಸಿ ಓದಿದೆ.

ಒಂದು, ನಾವು ಹೊಸದಕ್ಕೆ ಹೆದರುವವರಲ್ಲ. ಎರಡು, ಬಾಣವೂ ಇರಲಿ, ದೀಪವೂ ಇರಲಿ, ಮುಂದೆ ಹೋದವನು ಒಬ್ಬನಿದ್ದಾನೆಂದು ಹಿಂದಿನವನಿಗೆ ಗೊತ್ತಾಗಬೇಕು. ಇಲ್ಲಿಯವರೆಗೆ ಸಭೆಯಲ್ಲಿ ಓದಿದ್ದರು ಎಂದು ಮಗಳು ಸಭೆಯ ರೆಕಾರ್ಡಿಂಗ್ ಹುಡುಕಿ ನೋಡಿ ಹೇಳಿದಳು. ಮೂರು, ನಿಮ್ಮ ಸಮುದ್ರದ ಬಂಡೆಗಳು ನಿಮಗಿಂತ ನಮಗೆ ಚೆನ್ನಾಗಿ ಗೊತ್ತು, ಕೇಳಿ ನೋಡಿ. ನಾಲ್ಕು, ದಡದ ಗಂಟೆಯನ್ನೂ ತೆಗೆದಿದ್ದೀರಿ, ದಯವಿಟ್ಟು ವಾಪಸ್ ಹಾಕಿ, ಅದು ಕೇಳಿದ ಮೇಲೆ ನನ್ನ ಹೆಂಡತಿ ಚಹಾಕ್ಕೆ ಇಡುತ್ತಾಳೆ.

ಹೌದು, ಇಡುತ್ತಿದ್ದೆ. ಅವರಿಗೆ ಅದು ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೂರನೆಯದನ್ನೂ ನಾಲ್ಕನೆಯದನ್ನೂ ಮಗಳ ಕೈಯಲ್ಲಿ ಕಂಪನಿಗೆ ಬರೆಸಿದೆ.

"ಅವರು ಓದೋದೂ ಇಲ್ಲಮ್ಮ," ಎಂದಳು.

"ಓದದಿದ್ರೆ ಬಿಡ್ಲಿ. ನೀನು ಕಳ್ಸು. ನಿಮ್ಮಪ್ಪನ ಎರಡು ನಿಮಿಷ ಇನ್ನೂ ಆಗಿರ್ಲಿಲ್ಲ."