ಲಾರಿಗೆ ಯಾವ ಯೂರಿಯಾ ಹಾಕಿದ್ರಿ?

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಂಬದವರು ನನ್ನನ್ನು ಸಿಗಂದೂರಿಗೆ ಕರೆದುಕೊಂಡು ಹೋಗಿ ದೇವಿಯ ಮುಂದೆ ನಿಲ್ಲಿಸಬಹುದು. ಹಿಂದೆಲ್ಲ ಹಿನ್ನೀರು ದಾಟಿಸುವ ಲಾಂಚ್ ತಪ್ಪಿತು ಎಂದು ಜಾರಿಕೊಳ್ಳುತ್ತಿದ್ದೆ. ಈಗ ಸೇತುವೆಯೂ ಆಗಿದೆ, ನಿಜ ಹೇಳದೆ ಬೇರೆ ದಾರಿ ಉಳಿದಿಲ್ಲ.

ಬೆಳಗಿನ ಜಾವ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ರೈಲ್ವೆ ಮೇಲ್ಸೇತುವೆಯ ಬುಡದಲ್ಲಿ, ಹತ್ತು ಚಕ್ರದ ಲಾರಿಯೊಂದು ಗುರುಗುರು ಎನ್ನುತ್ತಾ ನಿಂತಿದೆ. ಸೇತುವೆ ಹತ್ತಲು ಹೋಗಿ ಹೋಗಿ ಹಿಂದಕ್ಕೆ ಜಾರಿ ಬಂದಿದೆ. ಸಪಾಟು ರಸ್ತೆಯಲ್ಲಿ ಅದರ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಏರು ಸಿಕ್ಕರೆ ಅದೂ ಇಲ್ಲ. ಕೊನೆಯ ಪ್ರಯತ್ನದಲ್ಲಿ ಹಾಲಿನ ಸೈಕಲ್ಲು ಅದನ್ನು ದಾಟಿ ಹೋಯಿತು, ವಾಕಿಂಗ್ ಹೊರಟಿದ್ದ ಇಬ್ಬರು ರಿಟೈರ್ಡ್ ಮೇಷ್ಟ್ರು ದಾಟಿದರು, ಅವರ ಹಿಂದೆ ಒಂದು ಎಮ್ಮೆ ದಾಟಿತು. ಎಮ್ಮೆ ಸೇತುವೆಯ ನೆತ್ತಿಯಲ್ಲಿ ನಿಂತು, ‘ಬರ್ತೀಯೋ ಇಲ್ವೋ’ ಎನ್ನುವಂತೆ ಹಿಂತಿರುಗಿ ನೋಡಿತು. ಎಮ್ಮೆಯ ಯಜಮಾನರ ಫೋನ್ ನಂಬರ್ ನನ್ನ ಹತ್ತಿರವಿದೆ.

ಲಾರಿಯ ಹೊಟ್ಟೆಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿವೆ. ದಪ್ಪ ಸೇಫ್ಟಿ ಶೂ, ಅದರ ಮೇಲೆ ಬೆಳ್ಳಿಯ ಕಾಲ್ಚೈನು. ಈ ಕಾಲುಗಳು ಶ್ರೀಗೌರಿಯವರದು. ಊರು ಭದ್ರಾವತಿಯ ಜನ್ನಾಪುರ, ವಯಸ್ಸು ನಲವತ್ತು ದಾಟಿದೆ, ಎಷ್ಟು ದಾಟಿದೆ ಎಂದು ಕೇಳಿದರೆ “ಗಾಡಿ ಮಾಡೆಲ್ ಕೇಳಿ, ನಂದ್ಯಾಕೆ?” ಎನ್ನುತ್ತಾರೆ. ಈ ರಸ್ತೆಯ ಡ್ರೈವರುಗಳ ಬಾಯಲ್ಲಿ ಇವರು ‘ಯೂರಿಯಾ ಅಕ್ಕ’. ಇಪ್ಪತ್ತಕ್ಕೆ ಬಿದ್ದ ಲಾರಿಯನ್ನು ಮತ್ತೆ ಎಂಬತ್ತಕ್ಕೆ ಏರಿಸುವುದು ಇವರ ಕಸುಬು. ಇವರ ಬಗ್ಗೆ ಲೇಖನ ಬರೆಯಲೆಂದು ನಾನೂ ಇವರ ಸ್ಕೂಟರಿನ ಹಿಂದೆ ಕೂತು ಬಂದಿದ್ದೇನೆ.

ಲಾರಿಯ ಮೇಲೆ ಟಾರ್ಪಾಲಿನ ಕೆಳಗಿರುವುದು ಜನ್ನಾಪುರದ ಪಂಪ್‌ಹೌಸೊಂದಕ್ಕೆ ಹುಬ್ಬಳ್ಳಿಯಿಂದ ಬರುತ್ತಿರುವ ಹೊಸ ಮೋಟಾರು. ಹಳೆಯ ಮೋಟಾರಿನ ಪ್ಯಾನೆಲ್ ಒಳಗೆ ಹಲ್ಲಿಯೊಂದು ಸಂಸಾರ ಹೂಡಲು ಹೋಗಿ, ತಾನೂ ಸುಟ್ಟು ಮೋಟಾರನ್ನೂ ಸುಟ್ಟಿದೆ. ಸುತ್ತಲಿನ ಬೀದಿಗಳಲ್ಲಿ ನಾಲ್ಕು ದಿನದಿಂದ ನಲ್ಲಿ ಒಣಗಿದೆ. ಮೋಟಾರನ್ನು ಇಳಿಸಲು ಕ್ರೇನ್ ಬಂದು ಕಾಯುತ್ತಿದೆ. ಆದರೆ ಹತ್ತು ಗಂಟೆಗೆ ಅದು ಬೇರೆ ಊರಿಗೆ ಹೊರಡಬೇಕು. ಹೋದರೆ ಮತ್ತೆ ಬರುವುದು ಮುಂದಿನ ವಾರ. ಆ ಒಣಗಿದ ಬೀದಿಗಳಲ್ಲೊಂದು ಶ್ರೀಗೌರಿಯವರದ್ದೇ.

ಶರ್ಟಿನ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅವರ ಅತ್ತೆ ಪುಷ್ಪಮ್ಮ.

“ಮೋಟಾರ್ ಬಂತೇನೇ?”

“ಇಲ್ಲ ಅತ್ತೆ, ಗಾಡಿ ಕೆಳಗಿದೀನಿ.”

“ನೀನು ಗಾಡಿ ಕೆಳಗೆ ಮಲ್ಕೊಂಡ್ರೆ ಇಲ್ಲಿ ನೀರ್ ಬರ್ತದಾ? ಪಾತ್ರೆ ಗುಡ್ಡೆ ಬಿದ್ದಿದೆ. ನಿನ್ನೆ ರಾತ್ರಿ ಬಾಳೆಲೇಲಿ ಉಂಡಿದೀವಿ. ನೋಡಿದೋರು ಏನ್ ವಿಶೇಷ ಅಂತ ಕೇಳಿದ್ರು.”

ಕಾಯಿಲೆ ಏನೆಂದು ಇಲ್ಲಿ ಹೇಳಬೇಕು. ಈಚಿನ ವರ್ಷಗಳ ಲಾರಿಗಳಿಗೆ ಎರಡು ಬಾಯಿ. ಒಂದಕ್ಕೆ ಡೀಸೆಲ್. ನೀಲಿ ಮುಚ್ಚಳದ ಇನ್ನೊಂದಕ್ಕೆ, ತೀರಾ ಶುದ್ಧವಾದ ನೀರಿನಲ್ಲಿ ತೀರಾ ಶುದ್ಧವಾದ ಯೂರಿಯಾ ಕರಗಿಸಿದ ಒಂದು ದ್ರವ. ಅದನ್ನು ಸೈಲೆನ್ಸರಿನೊಳಗೆ ಚಿಮುಕಿಸಿದರೆ ಹೊಗೆಯ ವಿಷ ಸಾಯುತ್ತದೆ. ಕ್ಯಾನಿನ ಮೇಲೆ ಉದ್ದದ ಹೆಸರಿದೆ, ಡ್ರೈವರುಗಳು ಮಾತ್ರ ‘ಯೂರಿಯಾ’ ಎಂದೇ ಕರೆಯುತ್ತಾರೆ. ಈ ದ್ರವ ಮುಗಿದರೆ, ಕೆಟ್ಟರೆ, ಚಿಮುಕದಿದ್ದರೆ ಲಾರಿಯ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಮೊದಲು ಒಂದು ದೀಪ ಹಚ್ಚುತ್ತದೆ. ಆಮೇಲೆ ಎಂಜಿನ್ನಿನ ಶಕ್ತಿ ಕಿತ್ತುಕೊಳ್ಳುತ್ತದೆ. ಆಗಲೂ ಕೇಳದಿದ್ದರೆ ಇಪ್ಪತ್ತಕ್ಕೆ ಕಟ್ಟಿಹಾಕುತ್ತದೆ. ತಪ್ಪಾದರೆ ತಾನೇ ತನಗೆ ಶಿಕ್ಷೆ ಕೊಟ್ಟುಕೊಳ್ಳುವ ಜೀವ ನಮ್ಮ ಜಿಲ್ಲೆಯಲ್ಲಿ ನಾನು ಕಂಡಂತೆ ಇದೊಂದೇ.

ಶ್ರೀಗೌರಿ ಹೊರಗೆ ಬಂದು, ಸ್ಕೂಟರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದರ ವೈರನ್ನು ಲಾರಿಗೆ ಚುಚ್ಚುತ್ತಾರೆ.

“ಎಂಜಿನ್ ಆಫ್ ಮಾಡು ಮಲ್ಲಿಕ್.”

ಡ್ರೈವರ್ ಮಲ್ಲಿಕ್ ಸ್ಟೇರಿಂಗನ್ನು ತಬ್ಬಿಕೊಳ್ಳುತ್ತಾನೆ. “ಬೇಡ ಅಕ್ಕಾ, ಕಸಂ ಹಾಕಿ ಹೇಳ್ತೀನಿ, ಆಫ್ ಮಾಡಿದ್ರೆ ಮತ್ತೆ ಏಳಲ್ಲ ಇದು. ಹುಬ್ಬಳ್ಳಿ ಬಿಟ್ಟಾಗಿಂದ ಆಫ್ ಮಾಡಿಲ್ಲ. ಊಟನೂ ಇಲ್ಲೇ.”

“ಆಪರೇಷನ್ ಮಾಡೋವಾಗ ಪೇಷೆಂಟ್ ಓಡಾಡ್ತಾ ಇರ್ತಾನೇನೋ ಮಾರಾಯ? ಆಫ್ ಮಾಡು.”

ಎಂಜಿನ್ ನಿಲ್ಲುತ್ತದೆ. ಹಠಾತ್ತನೆ ಹಕ್ಕಿಗಳ ಸದ್ದು ಕೇಳಿಸುತ್ತದೆ. ಮಲ್ಲಿಕ್ ಮುಖ ನೋಡಿದರೆ ಮನೆಯಲ್ಲಿ ಯಾರೋ ಹೋದಂತಿದೆ. ರಾತ್ರಿ ದಾರಿಯಲ್ಲಿ ಯಾರೋ ಒಬ್ಬರು ಬಂದು ದೀಪ ಅಳಿಸಿ ಹೋದರಂತೆ. ಹತ್ತು ಕಿಲೋಮೀಟರ್ ಆಗುವುದರೊಳಗೆ ಮತ್ತೆ ಹತ್ತಿಕೊಂಡಿತಂತೆ.

“ದೀಪ ಅಳಿಸೋದು ಯಾರು ಬೇಕಾದ್ರೂ ಮಾಡ್ತಾರೆ” ಎನ್ನುತ್ತಾರೆ ಶ್ರೀಗೌರಿ. “ಯಾಕೆ ಹತ್ತಿತು ಅಂತ ಕೇಳ್ಬೇಕಲ್ವಾ? ಅದಕ್ಕೆ ಪಾಪ ಬಾಯಿಲ್ಲ. ಇರೋದೊಂದು ದೀಪ.”

ಅಷ್ಟರಲ್ಲಿ ಲಾರಿಯ ಮಾಲೀಕರು ಬೈಕಿನಲ್ಲಿ ಬಂದಿಳಿಯುತ್ತಾರೆ. ಪುಟ್ಟಯ್ಯ, ಶಿವಮೊಗ್ಗದ ಹೊಸಮನೆಯವರು. ಊರಾಚೆ ಗದ್ದೆ ಇದೆ, ಈ ಒಂದು ಲಾರಿಯಿದೆ. ಬಂದವರೇ ಶ್ರೀಗೌರಿಯವರ ಹಿಂದೆ, ಪಕ್ಕ, ಸ್ಕೂಟರಿನ ಆಚೆ ಎಲ್ಲ ನೋಡುತ್ತಾರೆ.

“ಮೇಸ್ತ್ರಿ ಎಲ್ಲಮ್ಮ?”

“ಟೀ ಕುಡಿಯಕ್ ಹೋಗಿದಾರೆ. ಬರೋವರ್ಗೂ ನಾನ್ ನೋಡ್ತಿರ್ತೀನಿ.”

ಪುಟ್ಟಯ್ಯ ತಲೆಯಾಡಿಸಿ ಸಮಾಧಾನಗೊಳ್ಳುತ್ತಾರೆ. ಈ ಉತ್ತರವನ್ನು ಶ್ರೀಗೌರಿ ವರ್ಷಗಟ್ಟಲೆ ಕೊಡುತ್ತಾ ಬಂದಿದ್ದಾರೆ. ಟೀಗೆ ಹೋದ ಆ ಮೇಸ್ತ್ರಿ ಇನ್ನೂ ಬಂದಿಲ್ಲ.

ಅವರು ಈ ಕೆಲಸಕ್ಕೆ ಬಂದದ್ದೂ ಹೀಗೇ ಒಂದು ತಮಾಷೆಯಿಂದ. ಐಟಿಐ ಮುಗಿಸಿ ಶಿವಮೊಗ್ಗದ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿದಾಗ ಸ್ಪ್ಯಾನರ್ ಕೈಗೆ ಕೊಡದೆ ಬಿಲ್ಲಿನ ಕೌಂಟರಿನಲ್ಲಿ ಕೂರಿಸಿದರು. ಹೊಸ ನಮೂನೆಯ ಲಾರಿಗಳು ಬಂದಾಗ ಅವುಗಳ ಜೊತೆಗೆ ಒಂದು ಲ್ಯಾಪ್‌ಟಾಪೂ ಬಂತು. ಹಿರಿಯ ಮೇಸ್ತ್ರಿಗಳು ಅದನ್ನು ದೂರದಿಂದ ನೋಡಿದರು. ಕೀಲಿಮಣೆ ಇದೆ, ಅಂದರೆ ಟೈಪಿಂಗು. ಟೈಪಿಂಗು ಅಂದರೆ ಹೆಣ್ಣುಮಕ್ಕಳ ಕೆಲಸ. “ಗೌರಿ, ಇದು ನಿಂದು” ಎಂದು ತಳ್ಳಿಬಿಟ್ಟರು. “ಅವ್ರು ಸೋಮಾರಿತನಕ್ಕೆ ಕೊಟ್ರು, ನಾನು ಆಸೆಗೆ ತಗೊಂಡೆ” ಎಂದು ನಗುತ್ತಾರೆ. “ಗಾಡಿ ಏನ್ ಹೇಳ್ತಿದೆ ಅಂತ ಓದೋದು ಕಲ್ತೆ. ಆಮೇಲೆ ಬಗ್ಗಿ ನೋಡೋದು ಕಲ್ತೆ. ಆಮೇಲೆ ಮಲ್ಕೊಂಡ್ ನೋಡೋದು.” ಆ ವರ್ಕ್‌ಶಾಪ್ ಬೇರೆ ಊರಿಗೆ ಹೋದಾಗ ಇವರು ಹೋಗಲಿಲ್ಲ. ಸ್ಕೂಟರ್ ಹತ್ತಿದರು. ಈಗ ದಿನಕ್ಕೆ ಮೂರೋ ನಾಲ್ಕೋ ಲಾರಿ, ಅಡಿಕೆ ಸೀಸನ್ನಿನಲ್ಲಿ ಇನ್ನೂ ಹೆಚ್ಚು.

ಕಷ್ಟಗಳೇನು ಎಂದು ನಾನು ಕೇಳಿದರೆ ಮೊಣಕೈ ತೋರಿಸುತ್ತಾರೆ. ಬಿಸಿ ಸೈಲೆನ್ಸರ್ ಮುಟ್ಟಿದ ಕಲೆಗಳು, ನಕ್ಷೆಯ ಹಾಗೆ. ಆದರೆ ಅದಕ್ಕಿಂತ ಪೇಚಿನದು ಕಣ್ಣೀರು. ಕೆಟ್ಟ ಯೂರಿಯಾ ಬಿಸಿಗೆ ಕಟು ವಾಸನೆ ಬಿಡುತ್ತದೆ, ಕಣ್ಣಿನಿಂದ ಧಾರಾಕಾರ. “ನಾನು ಅಳ್ತಿದೀನಿ ಅಂತ ಡ್ರೈವರ್‌ಗಳು ಸಮಾಧಾನ ಮಾಡ್ತಾರೆ ಸಾರ್. ಒಬ್ರು ಬಳ್ಳಾರಿ ಕಡೆಯೋರು, ‘ಬಿಡ್ರಿ ಅಕ್ಕಾರ, ಲಾರಿ ಹೋದ್ರ ಹೋಗ್ಲಿ’ ಅಂತ ತಾವೂ ಅತ್ತುಬಿಟ್ರು.”

ಸ್ಕ್ರೀನಿನ ಮೇಲೆ ಕೆಂಪು ಸಾಲುಗಳು ಮೂಡುತ್ತವೆ. ಪುಟ್ಟಯ್ಯ ಇಣುಕುತ್ತಾರೆ.

“ನೋಡಮ್ಮ, ಅದೇನೋ ಡಬ್ಬಿ ಸಿಗುತ್ತಂತಲ್ಲ. ಅದನ್ನ ಸಿಗಿಸಿಬಿಟ್ರೆ ಎಲ್ಲ ಸರಿ ಇದೆ ಅಂತ ಅದೇ ಕಂಪ್ಯೂಟರ್‌ಗೆ ಹೇಳುತ್ತಂತೆ. ಯೂರಿಯಾನೇ ಬೇಡ್ವಂತೆ.”

“ನಾನ್ ಹಾಕಲ್ಲ ಪುಟ್ಟಯ್ಯೋರೆ.”

“ಹತ್ತೇ ನಿಮಿಷ ಸಾಕಂತೆ. ಕ್ರೇನ್ ಹೊರಟೋಗುತ್ತೆ. ನಿಮ್ಮೂರಿಗೇ ನೀರಮ್ಮ!”

ಶ್ರೀಗೌರಿ ಕೆಂಪು ಸಾಲುಗಳಿಂದ ಕಣ್ಣು ಎತ್ತುವುದಿಲ್ಲ. ಜೇಬಿನಲ್ಲಿ ಫೋನ್ ಮತ್ತೆ ಬಡಿದುಕೊಳ್ಳುತ್ತಿದೆ, ಅದು ಯಾರೆಂದು ನೋಡುವ ಅಗತ್ಯವಿಲ್ಲ. “ಮಗು ಹಸಿವಿಗೆ ಅಳ್ತದೆ ಅಂತ ಬಾಯಿಗೆ ಬಟ್ಟೆ ತುರುಕಿದ್ರೆ ಆಗುತ್ತಾ?” ಎನ್ನುತ್ತಾರೆ ಕೊನೆಗೆ. “ಆ ಹೊಗೆ ಎಲ್ಲಿಗೆ ಹೋಗುತ್ತೆ? ಜನ್ನಾಪುರಕ್ಕೇ ಬರುತ್ತೆ. ಬೆಳಗ್ಗೆ ಬಾಗಿಲು ಸಾರಿಸೋಳು ನಾನೇ ಅಲ್ವಾ? ಸುಮ್ನೆ ನಿಂತ್ಕೊಳ್ಳಿ, ಕೆಲಸ ಆಗ್ಲಿ.”

ನೀಲಿ ಮುಚ್ಚಳ ತಿರುಗಿಸಿ, ಟ್ಯಾಂಕಿನಿಂದ ಒಂದು ಹನಿ ತೆಗೆದು, ದುರ್ಬೀನಿನಂಥ ಪುಟ್ಟ ಸಾಧನದ ಗಾಜಿನ ಮೇಲೆ ಹಾಕಿ ಸೂರ್ಯನ ಕಡೆ ಹಿಡಿಯುತ್ತಾರೆ. ಒಳಗೆ ಒಂದು ಗೆರೆ ನೆಟ್ಟಗೆ ಕಾಣಬೇಕಂತೆ. ಇಲ್ಲಿ ಗೆರೆಯೇ ಕಲಸಿಹೋಗಿದೆ. ಟಾರ್ಚ್ ಬಿಟ್ಟು ಟ್ಯಾಂಕಿನೊಳಗೆ ನೋಡುತ್ತಾರೆ. ನೀರಿನ ಮೇಲೆ ತೆಳ್ಳಗೆ ಜಿಡ್ಡಿನ ಪೊರೆ. ಬೆರಳು ಅದ್ದಿ ಮೂಗಿಗೆ ಹಿಡಿಯುತ್ತಾರೆ. ಇನ್ನೊಮ್ಮೆ ಹಿಡಿಯುತ್ತಾರೆ. ಆ ಬೆರಳನ್ನೇ ಮಲ್ಲಿಕ್ ಮೂಗಿಗೆ ಹಿಡಿಯುತ್ತಾರೆ.

“ಅಕ್ಕಾ, ಇದು ನಮ್ಮಜ್ಜಿ ತಲೆಗೆ ಹಚ್ತಿದ್ದ ಎಣ್ಣೆ ವಾಸನೆ.”

“ಬೇವು” ಎನ್ನುತ್ತಾರೆ ಶ್ರೀಗೌರಿ. ಪುಟ್ಟಯ್ಯನವರ ಕಡೆ ತಿರುಗುತ್ತಾರೆ. “ಲಾರಿಗೆ ಏನ್ ಹಾಕಿದ್ರಿ?”

“ಯೂರಿಯಾ.”

“ಯಾವ ಯೂರಿಯಾ?”

“ಯಾವ್ದು ಅಂದ್ರೆ? ಯೂರಿಯಾ ಅಂದ್ರೆ ಯೂರಿಯಾನೇ. ಸೊಸೈಟಿದು.”

ಶ್ರೀಗೌರಿ ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. ಆಮೇಲೆ ಪುಟ್ಟಯ್ಯನವರೇ ಎಲ್ಲವನ್ನೂ ವಿವರಿಸುತ್ತಾರೆ, ಅದೂ ಹೆಮ್ಮೆಯಿಂದ. ಹುಬ್ಬಳ್ಳಿಗೆ ಹೊರಡುವ ಮುಂಚೆ ಮಲ್ಲಿಕ್ ಫೋನ್ ಮಾಡಿ “ಯೂರಿಯಾ ಖಾಲಿ” ಅಂದ. ಗದ್ದೆಗೆ ತಂದಿದ್ದರಲ್ಲಿ ಅರ್ಧ ಚೀಲ ಮನೆಯಲ್ಲಿತ್ತು. ಬಕೆಟ್ಟಿನಲ್ಲಿ ಕರಗಿಸಿದರು, ಹೊಸ ಪಂಚೆಯಲ್ಲಿ ಸೋಸಿದರು, ಕ್ಯಾನಿಗೆ ತುಂಬಿದರು. ಹೊಲಕ್ಕೆ ಕೊಡುವ ಯೂರಿಯಾ ಕಾಳಿಗೆ ಬೇವಿನೆಣ್ಣೆಯ ಲೇಪವಿರುವುದು ಅವರಿಗೂ ಗೊತ್ತು. “ಅದು ಇನ್ನೂ ಒಳ್ಳೇದಲ್ವಾ? ಹುಳ ಬೀಳಲ್ಲ.”

ಮಲ್ಲಿಕ್ ಲಾರಿಯ ಹಿಂದಕ್ಕೆ ಹೋಗಿ ನಗುತ್ತಿರುವುದು ಟಾರ್ಪಾಲ್ ಅಲ್ಲಾಡುವುದರಲ್ಲಿ ಗೊತ್ತಾಗುತ್ತದೆ. ಶ್ರೀಗೌರಿ ನಗುವುದಿಲ್ಲ.

“ಬಿಡಿ ಪುಟ್ಟಯ್ಯೋರೆ, ನಿಮ್ದೇನ್ ತಪ್ಪು? ಎರಡಕ್ಕೂ ಒಂದೇ ಹೆಸರಿಟ್ಟು ಕರೀತೀವಲ್ಲ, ತಪ್ಪು ನಮ್ಮೆಲ್ಲರ ಬಾಯಿಂದು. ಕ್ಯಾನ್ ತಗೊಂಡ್ ಬನ್ನಿ, ಖಾಲಿ ಮಾಡೋಣ.”

ಟ್ಯಾಂಕಿನ ನೀರೆಲ್ಲ ಕ್ಯಾನಿಗಿಳಿಯುತ್ತದೆ. ರಸ್ತೆಗೆ ಚೆಲ್ಲಲು ಶ್ರೀಗೌರಿ ಬಿಡುವುದಿಲ್ಲ. ಪುಟ್ಟಯ್ಯ ಅದನ್ನು ಗದ್ದೆಗೇ ಒಯ್ಯಬೇಕು. ಆಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಮಲ್ಲಿಕ್ ಅಡುಗೆ ಮಾಡಿಕೊಳ್ಳುವ ಸ್ಟೌ ಮೇಲೆ ಬಿಸಿ ಮಾಡಿ ಟ್ಯಾಂಕು, ಪೈಪು, ಫಿಲ್ಟರು ತೊಳೆಯುತ್ತಾರೆ. ಮನೆಯಲ್ಲಿ ಪಾತ್ರೆ ತೊಳೆಯಲು ಲೋಟ ನೀರಿಲ್ಲದ ಹೆಂಗಸು ಇಲ್ಲಿ ಲಾರಿಯ ಕರುಳು ತೊಳೆಯಲು ಕ್ಯಾನುಗಟ್ಟಲೆ ಸುರಿಯುತ್ತಿದ್ದಾರೆ. ಅದೇ ಹೊತ್ತಿಗೆ ಫೋನ್ ಬರುತ್ತದೆ. “ಏನೋ ನೀರ್ ಬೀಳೋ ಸದ್ದು?” ಎನ್ನುತ್ತಾರೆ ಪುಷ್ಪಮ್ಮ. “ಮಳೆ ಅತ್ತೆ” ಎನ್ನುತ್ತಾರೆ ಸೊಸೆ. ಆಕಾಶದಲ್ಲಿ ಒಂದು ಮೋಡವಿಲ್ಲ.

ಕ್ಯಾನಿನ ಸೀಲು ಒಡೆದು ಹೊಸ ದ್ರವ ತುಂಬಿ, ಟೆಸ್ಟ್ ಕೊಡುತ್ತಾರೆ. ಸ್ಕ್ರೀನು ಮತ್ತೆ ಕೆಂಪು. ಮಲ್ಲಿಕ್ ಈಗ ನಗುತ್ತಿಲ್ಲ. ಪುಟ್ಟಯ್ಯ ಗಡಿಯಾರ ನೋಡಿ, ಅದು ಕಾಣದಂತೆ ಶರ್ಟಿನ ತೋಳು ಕೆಳಗೆಳೆದುಕೊಳ್ಳುತ್ತಾರೆ. ಶ್ರೀಗೌರಿ ಒಂದು ಕ್ಷಣ ಚಕ್ರಕ್ಕೆ ಒರಗಿ ನಿಲ್ಲುತ್ತಾರೆ. ನಂತರ ಗ್ಲೌಸ್ ಹಾಕಿಕೊಂಡು ಮತ್ತೆ ಲಾರಿಯ ಕೆಳಗೆ ಹೋಗುತ್ತಾರೆ. ಸೈಲೆನ್ಸರಿಗೆ ದ್ರವ ಚಿಮುಕಿಸುವ ಮೂತಿಯನ್ನೇ ಬಿಚ್ಚಿ ತರುತ್ತಾರೆ. ಅದರ ತುದಿ ಕಲ್ಲುಸಕ್ಕರೆಯಂಥ ಬಿಳಿ ಗಟ್ಟಿಯಿಂದ ಮುಚ್ಚಿಹೋಗಿದೆ.

“ಸುತ್ತಿಗೆ ಕೊಡ್ಲಾ ಅಕ್ಕಾ?”

“ಸುತ್ತಿಗೆ ತಲೆಗೆ ಹೊಡ್ಕೊ. ಬಿಸಿನೀರು ಕೊಡು.”

ಬಿಸಿನೀರಿನ ಲೋಟದಲ್ಲಿ ಮೂತಿಯನ್ನು ನೆನೆಹಾಕಿ ನಾಲ್ವರೂ ಸುತ್ತ ನಿಲ್ಲುತ್ತೇವೆ. ದೇವರ ಮುಂದೆಯೂ ನಾನು ಅಷ್ಟು ಶ್ರದ್ಧೆಯಿಂದ ನಿಂತಿಲ್ಲ. ಬಿಳಿ ಗಟ್ಟಿ ಮೆಲ್ಲಗೆ ಕರಗುತ್ತದೆ. ಶ್ರೀಗೌರಿಯವರ ಕಣ್ಣಿನಿಂದ ನೀರು ಇಳಿಯುತ್ತದೆ. “ಅಳ್ಬೇಡಮ್ಮ” ಎನ್ನುತ್ತಾರೆ ಪುಟ್ಟಯ್ಯ, ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತಾ.

ಮೂತಿಯನ್ನು ಮತ್ತೆ ಜೋಡಿಸಿ ಕೊಟ್ಟ ಎರಡನೇ ಟೆಸ್ಟಿಗೆ ಕೆಂಪು ಸಾಲುಗಳು ಒಂದೊಂದಾಗಿ ಹಸಿರಾಗುತ್ತವೆ. ಮಲ್ಲಿಕ್ ಕೀಲಿ ತಿರುಗಿಸುತ್ತಾನೆ. ಲಾರಿ ಏಳುತ್ತದೆ. ದೀಪವಿಲ್ಲ. ಗೇರು ಬೀಳುತ್ತದೆ, ಲಾರಿ ಸೇತುವೆಯ ಮೇಲೆ ನುಗ್ಗುತ್ತದೆ, ನೆತ್ತಿ ದಾಟುತ್ತದೆ, ಕಾಣದಾಗುತ್ತದೆ. ಹಾರ್ನ್ ಮಾತ್ರ ಕೇಳುತ್ತಲೇ ಇರುತ್ತದೆ. ಪುಟ್ಟಯ್ಯ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂರುತ್ತಾರೆ.

“ಆ ಮೇಸ್ತ್ರಿ ಬಂದ್ರೆ ಹೇಳಿ” ಎನ್ನುತ್ತಾರೆ, “ನೀನು ಬರೋದೇ ಬೇಡ ಅಂತ.”

ನಾವು ಸ್ಕೂಟರಿನಲ್ಲಿ ಜನ್ನಾಪುರ ಮುಟ್ಟಿದಾಗ ಹತ್ತು ಹೊಡೆದಿದೆ. ಕ್ರೇನ್ ಇನ್ನೂ ಹೋಗಿಲ್ಲ. ಹೋಗುವ ಹಾಗೂ ಇಲ್ಲ. ಅದರ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು, ಸ್ಟೂಲ್ ಹಾಕಿಕೊಂಡು, ಪುಷ್ಪಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದಾರೆ. “ಎರಡು ಕೆಜಿ ತಂದಿದೀನಪ್ಪ” ಎಂದು ಕ್ರೇನಿನವನಿಗೆ ಹೇಳುತ್ತಿದ್ದಾರೆ, “ಮುಗಿಯೋವರೆಗೂ ಏಳಲ್ಲ.” ಅವನ ಸಂಕಟ ಮುಗಿಯುವ ಮೊದಲೇ, ನಮ್ಮ ಒಳದಾರಿ ಬಿಟ್ಟು ದೊಡ್ಡ ರಸ್ತೆ ಸುತ್ತಿ ಬಂದ ಲಾರಿ ಬೀದಿಯೊಳಗೆ ತಿರುಗಿದೆ. ಮೋಟಾರು ಕೆಳಗಿಳಿಯುವಾಗ ಬೀದಿಯ ಜನವೆಲ್ಲ ಮದುಮಗಳನ್ನು ನೋಡುವ ಹಾಗೆ ನೋಡಿದ್ದಾರೆ.

ಸಂಜೆ ಶ್ರೀಗೌರಿಯವರ ಜಗಲಿಯಲ್ಲಿ ಕೂತು, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಇಂಥ ಲೇಖನಕ್ಕೆ ಅದನ್ನು ಕೇಳಲೇಬೇಕು.

“ಆಸೆ ಏನಿಲ್ಲ ಸಾರ್. ಒಂದೊಂದ್ಸಲ ರೋಡಲ್ಲಿ ಲಾರಿ ಒಳ್ಳೆ ಸ್ಪೀಡಲ್ಲಿ ನನ್ನ ಸ್ಕೂಟರ್ ದಾಟ್ಕೊಂಡ್ ಹೋಗುತ್ತಲ್ಲ, ಹಿಂದೆ ಹೊಗೆ ಇಲ್ದೆ, ಕ್ಲೀನಾಗಿ. ಡ್ರೈವರ್ ಹಾರ್ನ್ ಹೊಡ್ದು ಸೈಡಿಗ್ ಹೋಗು ಅಂತ ಬೈತಾನೆ. ನಾನು ಸೈಡಿಗ್ ಹೋಗ್ತೀನಿ. ಬೈಯೋ ಧೈರ್ಯ ಬರೋ ಹಾಗೆ ಗಾಡಿ ಮಾಡ್ಕೊಟ್ಟೋಳು ನಾನೇ ಅಲ್ವಾ, ಅನ್ಸುತ್ತೆ.”

ನನಗೂ ಉತ್ಸಾಹ ಬರುತ್ತದೆ. ಓದುಗರಿಗೆ ಇದನ್ನೆಲ್ಲ ಹೇಗೆ ನಂಬಿಸುವುದು ಎಂದು ಹೇಳತೊಡಗುತ್ತೇನೆ. ನೋಡಿ ಗೌರಕ್ಕ, ಪುಟ್ಟಯ್ಯನವರ ಯೂರಿಯಾ ಕುಡಿದು ಆ ಲಾರಿ ಹೊಗೆ ಬಿಟ್ಟ ಕಡೆಯೆಲ್ಲ, ಹುಬ್ಬಳ್ಳಿಯಿಂದ ಇಲ್ಲಿಯವರೆಗೆ, ರಸ್ತೆ ಬದಿಯ ಹುಲ್ಲು ಒಂದೇ ರಾತ್ರಿಯಲ್ಲಿ ಮೊಣಕಾಲುದ್ದ ಬೆಳೆದಿದೆ, ನಾನೇ ಕಣ್ಣಾರೆ ಕಂಡಿದ್ದೇನೆ, ಅದನ್ನು ಮೇಯ್ದ ಒಂದು ಹಸು ಬೆಳಗ್ಗೆ ಎದ್ದು

ಒಳಗೆ ನಲ್ಲಿ ಕೆಮ್ಮುತ್ತದೆ. ಗಾಳಿ ಉಗುಳುತ್ತದೆ. ಗೊರಗೊರ ಎನ್ನುತ್ತದೆ. ಶ್ರೀಗೌರಿ ಕೊಡ ಎತ್ತಿಕೊಂಡು ಹೋಗಿಯೇಬಿಟ್ಟಿದ್ದಾರೆ, ಅತ್ತೆ ಬಕೆಟ್ಟಿನೊಡನೆ ಅವರ ಹಿಂದೆ, ಬೀದಿಯುದ್ದಕ್ಕೂ ಕೊಡಗಳ ಸದ್ದು, ಜಗಲಿಯ ಮೇಲೆ ನಾನೊಬ್ಬನೇ, ಬೆಳಗ್ಗೆ ಎದ್ದು ಆ ಹಸು